ಹೆಚ್ಚಿನ ಏಳು ಇಟ್ಟಿಗೆ

ಬೆಳಗಿನಿಂದ ಟಬ್ಬಿನ ನೀರಲ್ಲಿದ್ದ ಬಿಳಿ ಇಟ್ಟಿಗೆಗಳನ್ನು ಹಲ್ಲಮ್ಮ ಇನ್ನೊಮ್ಮೆ ಮಗುಚಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ಗಂಡನ ದನಿ ಬಂತು.

"ಯಾರೋ ನಿನ್ನ ಕೇಳ್ಕೊಂಡು ಬಂದಿದ್ದಾರೆ ನೋಡೇ. ಮೊನ್ನೆ ಹಳೇ ಇಟ್ಟಿಗೆ ಡಬ್ಬ ಕೊಟ್ಟ ಮನೆಯೋರಂತೆ."

ಹಲ್ಲಮ್ಮ ಎನ್ನುವುದು ಅವಳ ಹೆಸರೇನಲ್ಲ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವಳಿಗೆ ಬೀದಿಯವರು ಇಟ್ಟದ್ದು, ಅವಳೂ ಒಪ್ಪಿಕೊಂಡದ್ದು. ಹಗಲೆಲ್ಲ ಊರವರ ಬಾಯಿಗೆ ಹಲ್ಲಿನ ಬಣ್ಣ ಹೊಂದಿಸಿ ಬಂದು, ರಜೆಯ ದಿನ ಮಹಡಿಯ ಮೇಲೆ ಆಟದ ಇಟ್ಟಿಗೆಗಳ ಬಣ್ಣ ಹೊಂದಿಸುತ್ತಿದ್ದಳು. ಒಂದರ ತಲೆಯ ಗುಂಡಿಗೆ ಇನ್ನೊಂದರ ಹೊಟ್ಟೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು. ಅವಳಿಗೆ ಹಳೆಯವೇ ಆಗಬೇಕು. ನಲವತ್ತು, ಐವತ್ತು ವರ್ಷದ ಹಿಂದಿನವು, ಹಿಡಿತ ಸಡಿಲಾದವು, ಅಂಚು ಸವೆದವು. ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಹೊಸವು. ಅವನು ಹೊಸ ಪೆಟ್ಟಿಗೆ ತಂದು, ಜೊತೆಗೆ ಬಂದ ಪುಸ್ತಕದ ಪುಟಪುಟ ನೋಡಿ, ಒಂದು ತುಣುಕೂ ಆಚೀಚೆ ಆಗದಂತೆ ಕಟ್ಟಿ, ಗಾಜಿನ ಕಪಾಟಿನಲ್ಲಿಟ್ಟು ಕೈ ಮುಗಿಯುವುದೊಂದು ಬಾಕಿ. ನಡುಮನೆ ಅವನದು, ಹಿಂದಿನ ಕೋಣೆ ಅವಳದು. "ನನ್ನವು ಆಟಿಕೆ. ನಿನ್ನವು ಸತ್ತೋರ ಸಾಮಾನು" ಎಂದು ಅವನು ರೇಗಿಸುತ್ತಿದ್ದ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಬಂದವನು ಬಸ್ಸಿನ ಡ್ರೈವರ್. ಡ್ಯೂಟಿ ಅಂಗಿಯಲ್ಲೇ ಇದ್ದ. ಕೂರಿ ಎಂದರೂ ಕೂರಲಿಲ್ಲ.

"ಆ ಡಬ್ಬದಲ್ಲಿ ಕಟ್ಟಿದ್ದ ಮನೆ ಒಂದಿತ್ತಲ್ಲ ಮೇಡಂ, ಅದೊಂದು ವಾಪಸ್ ಕೊಡಿ. ಬಾಕಿದೆಲ್ಲ ನೀವೇ ಇಟ್ಕೊಳ್ಳಿ."

ಹಲ್ಲಮ್ಮ ಮಹಡಿಯ ಮೆಟ್ಟಿಲ ಕಡೆ ನೋಡಿದಳು. ಹಳೆಯ ಇಟ್ಟಿಗೆ ಕೂಡಿಹಾಕುವವರಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ: ಮಾಲು ಬಂದ ಕೂಡಲೇ ಎಲ್ಲ ಬಿಚ್ಚಬೇಕು, ತೊಳೆಯಬೇಕು, ಬಣ್ಣವಾರು ಬೇರೆ ಮಾಡಬೇಕು. ಯಾರ ಮನೆಯ ಮಗು ಏನು ಕಟ್ಟಿತ್ತು ಎನ್ನುವುದನ್ನು ಅವರು ನೋಡುವುದಿಲ್ಲ. ಅದು ಧೂಳಿನ ಲೆಕ್ಕ. ಆ ಮನೆಯನ್ನು ಅವಳು ನಿನ್ನೆ ಬೆಳಿಗ್ಗೆ ಟೀ ಕುಡಿಯುತ್ತಾ, ರೇಡಿಯೊ ಕೇಳುತ್ತಾ, ಬಟಾಣಿ ಸುಲಿದಂತೆ ಬಿಚ್ಚಿದ್ದಳು.

"ನಮ್ಮ ಅಕ್ಕನ ಮನೆ ಅದು" ಎಂದ ಡ್ರೈವರ್. "ಅಕ್ಕ ಅಂದ್ರೆ, ನಾನು ಹುಟ್ಟೋಕೆ ಮುಂಚೆನೇ ಹೋದೋಳು. ಆರೂವರೆ ವರ್ಷಕ್ಕೆ, ಜ್ವರ ಬಂದು. ನಾನು ಫೋಟೊದಲ್ಲಿ ನೋಡಿರೋದಷ್ಟೇ. ಅಮ್ಮ ಅದನ್ನ ಕಿಟಕಿ ಪಕ್ಕದ ಗಾಜಿನ ಬೀರುವಲ್ಲಿ ಇಟ್ಕೊಂಡಿದ್ರು. ಈಗ ಕಣ್ಣು ಪೂರ್ತಿ ಹೋಗಿದೆ. ದಿನಾ ಒಂದ್ಸಲ ಬೀರು ತೆಗೆದು ಕೈಯಾಡಿಸ್ತಾರೆ. ಮನೆಗೆ ಬಣ್ಣ ಹೊಡೆಸ್ತಿದೀವಿ ಅಂತ ಅಮ್ಮನ್ನ ಚಿಕ್ಕಮ್ಮನ ಹತ್ರ ಕಳಿಸಿದ್ವಿ. ನನ್ನ ಹೆಂಡತಿಗೆ ಗೊತ್ತಾಗ್ಲಿಲ್ಲ. ಬೀರು ಖಾಲಿ ಮಾಡುವಾಗ ಅದನ್ನೂ ಡಬ್ಬಕ್ಕೆ ತುಂಬಿಬಿಟ್ಟಿದ್ದಾಳೆ. ಅಮ್ಮ ಭಾನುವಾರ ಬರ್ತಾರೆ."

ಬಿಚ್ಚಿದೆ ಎಂದು ಹೇಳಬೇಕಿತ್ತು. ಹೇಳುವುದಕ್ಕೇ ಬಾಯಿ ತೆರೆದಳು. "ಒಳಗಿದೆ. ಧೂಳಾಗಿತ್ತು, ಒರೆಸ್ತಾ ಇದೀನಿ" ಎಂದುಬಿಟ್ಟಳು. "ಹಳೇ ಇಟ್ಟಿಗೆ, ಹಿಡಿತ ಇರಲ್ಲ. ಬಸ್ಸಲ್ಲಿ ತಗೊಂಡ್ಹೋದ್ರೆ ಉದುರಿಹೋಗುತ್ತೆ. ಭಾನುವಾರ ನಾನೇ ತಂದುಕೊಡ್ತೀನಿ."

ಅವನ ಮುಖ ಸಡಿಲಾಯಿತು. ಅವನು ಗೇಟು ದಾಟುವುದನ್ನೇ ಕಾದು ಅವಳು ಮಹಡಿಗೆ ಓಡಿ ಟಬ್ಬಿಗೆ ಕೈ ಹಾಕಿದಳು. ಹಳದಿಗಟ್ಟಿದ ಬಿಳಿಯನ್ನು ಮತ್ತೆ ಬಿಳಿ ಮಾಡುವ ಔಷಧಿಯ ನೀರು ಅದು. ಬೆಳಗಿನಿಂದ ಬಿಸಿಲಲ್ಲಿದ್ದ ಇಟ್ಟಿಗೆಗಳೆಲ್ಲ ಆಗಲೇ ಒಂದೇ ಬಿಳಿಯಾಗಿದ್ದವು, ಹಾಲುಹಲ್ಲಿನ ಬಿಳಿ. ಅವುಗಳಿಂದ ಇನ್ನು ಏನೂ ಗೊತ್ತಾಗುವಂತಿರಲಿಲ್ಲ. ಕೆಂಪಿನವನ್ನು ಅವಳು ಇನ್ನೂ ತೊಳೆದು ತನ್ನ ಡಬ್ಬಿಗಳಿಗೆ ಬೆರೆಸಿರಲಿಲ್ಲ, ಅಷ್ಟು ಪುಣ್ಯ.

ಕೆಂಪು ಇಟ್ಟಿಗೆಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು ಕೂತಳು. ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಾಗ ಸಮಾಧಾನವಾಯಿತು. ಇಷ್ಟು ವರ್ಷ ಬೆಳಕು ಬಿದ್ದ ಮೈ ಮಂಕಾಗಿತ್ತು. ಇನ್ನೊಂದು ಇಟ್ಟಿಗೆ ಕೂತಿದ್ದ ಜಾಗ ಮಾತ್ರ ಹೊಚ್ಚಹೊಸದಾಗಿ, ಅಂಗಡಿಯಿಂದ ತಂದ ದಿನದ ಕೆಂಪಿನಲ್ಲೇ ಉಳಿದಿತ್ತು. ಯಾವುದರ ಮೇಲೆ ಯಾವುದು ಕೂತಿತ್ತು, ಎಷ್ಟು ಆಚೆ ಸರಿದಿತ್ತು, ಎಲ್ಲ ಅದರಲ್ಲೇ ಇತ್ತು. ಆ ಹುಡುಗಿ ಇಲ್ಲವಾದ ಮೇಲೂ ಅವಳ ಕೆಲಸದ ನಕ್ಷೆಯನ್ನು ಬಿಸಿಲು ಒಂದು ದಿನವೂ ತಪ್ಪದೆ ಬರೆದುಕೊಂಡು ಬಂದಿತ್ತು.

ಲ್ಯಾಬಿಗೆ ಮೂರು ದಿನ ರಜೆ ಹಾಕಿದಳು. ಹುಷಾರಿಲ್ಲವೆಂದು ಗಂಡನ ಕೈಲಿ ಫೋನು ಮಾಡಿಸಿದಳು. ಕೆಲವು ಇಟ್ಟಿಗೆಗಳ ಅಂಚಿನಲ್ಲಿ ಹಲ್ಲಿನ ಗುರುತಿತ್ತು. ಬಿಡಿಸಲು ಉಗುರು ಸಾಲದಾಗ ಮಕ್ಕಳು ಕಚ್ಚುತ್ತಾರೆ. ಅಂಥ ಇಟ್ಟಿಗೆಯನ್ನು ಅವಳು ಬೇರೆ ದಿನವಾದರೆ ಕಸಕ್ಕೆ ಎಸೆಯುತ್ತಿದ್ದಳು. ಈಗ ಭೂತಗನ್ನಡಿ ಹಿಡಿದಳು. ಕೆಳಗೆ ಎರಡು ಪುಟ್ಟ ಹಲ್ಲು, ಮೇಲೆ ಒಂದೇ. ಪಕ್ಕದ ಜಾಗ ಖಾಲಿ. ಮುಂದಿನ ಹಲ್ಲು ಬಿದ್ದು, ಹೊಸದು ಇನ್ನೂ ಮೂಡದ ಬಾಯಿ. ಎಷ್ಟೋ ಸಾವಿರ ದವಡೆ ತಿದ್ದಿದ ಹಲ್ಲಮ್ಮನಿಗೆ ಆ ಬಾಯಿ ಕಣ್ಣ ಮುಂದೆ ತೆರೆದುಕೊಂಡಿತು. ಫೋಟೊ ನೋಡದೆಯೇ ಹುಡುಗಿಯ ನಗು ಅವಳಿಗೆ ಗೊತ್ತಾಗಿಹೋಯಿತು. ಅಂದಿನಿಂದ ಆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ ಎನ್ನಿಸಲಿಲ್ಲ. ಹಗಲು ಹೊತ್ತಿನಲ್ಲೂ ಬಾಗಿಲು ತೆರೆದಿಟ್ಟುಕೊಂಡು ಕೂರತೊಡಗಿದಳು.

"ಇಲ್ಲಿ ಎರಡು ಸಲ ಕಚ್ಚಿದ್ದಾಳೆ" ಎಂದು ಗಂಡನಿಗೆ ತೋರಿಸಿದಳು. "ಬಾಗಿಲು ಮೊದಲು ಆ ಕಡೆ ಇಟ್ಟು, ಆಮೇಲೆ ಈ ಕಡೆಗೆ ತಂದಿದ್ದಾಳೆ."

ಗಂಡ ರೇಗಿಸಲಿಲ್ಲ. "ಊಟ ಮಾಡು ಬಾ" ಎಂದ.

ಶನಿವಾರದ ಹೊತ್ತಿಗೆ ಮನೆ ನಿಂತಿತು. ಗೇಣುದ್ದ, ಕೆಂಪು ಗೋಡೆ, ನಡುವೆ ಒಂದು ಬಿಳಿ ಪಟ್ಟಿ, ಮುಂದೆ ವಾರೆಯಾದ ಬಾಗಿಲು. ಬಿಳಿಯವು ಬಾಯಿ ಬಿಡದಿದ್ದರೂ ಅವುಗಳ ಕೆಳಗಿನ ಕೆಂಪು ಇಟ್ಟಿಗೆಗಳೇ ಜಾಗ ಹೇಳಿದ್ದವು. ಗುರುತಿದ್ದ ಇಟ್ಟಿಗೆ ಒಂದೂ ಮಿಗಲಿಲ್ಲ. ಆದರೆ ಹಿಂದಿನ ಗೋಡೆಯ ಮೂಲೆಯಲ್ಲಿ, ಸೂರಿನ ಕೆಳಗೆ, ಒಂದು ಬಾಯಿ ಉಳಿದಿತ್ತು. ಎರಡು ಬೆರಳು ಹೋಗುವಷ್ಟು.

ಗಂಡ ಬಗ್ಗಿ ನೋಡಿದ. "ಇಷ್ಟೇ ಇತ್ತೋ ಏನೋ. ಬಿಟ್ಟುಬಿಡು."

"ಬಿದ್ದು ಕಳೆದುಹೋಗಿರುತ್ತೆ. ಇಷ್ಟೆಲ್ಲ ಮಾಡಿ ಕುಂಟು ಮನೆ ಕೊಡ್ಲಾ?"

ಆ ಬಾಯಿಯ ಕೆಳಗಿನ ಗುಂಡಿಗಳು ಮಂಕಾಗಿದ್ದವು. ಅಲ್ಲಿಗೂ ಅಷ್ಟೂ ವರ್ಷ ಬೆಳಕು ಬಿದ್ದಿತ್ತು. ಅವಳು ಅದನ್ನು ನೋಡಿದ್ದಳು; ಮೂರು ದಿನದಿಂದ ಅದನ್ನೇ ಓದುತ್ತಿದ್ದವಳು. ಆದರೂ ಕೂಡಿಹಾಕುವವರ ಕೈಗೆ ಒಂದು ಚಾಳಿ ಇದೆ, ಖಾಲಿ ಜಾಗ ಕಂಡರೆ ಅದು ಸುಮ್ಮನಿರುವುದಿಲ್ಲ. ಗಂಡ ತನ್ನ ಪೆಟ್ಟಿಗೆಯಿಂದ ಹೊಸ ಕೆಂಪು ತಂದು ಕೊಟ್ಟ. ಕೂತವು, ಆದರೆ ಬಣ್ಣ ಅರಚುತ್ತಿತ್ತು, ಅಂಚು ಬೆರಳಿಗೆ ಚುಚ್ಚುತ್ತಿತ್ತು. ಅವನ್ನು ತೆಗೆದು, ತನ್ನ ಡಬ್ಬಿಗಳಲ್ಲಿ ಹುಡುಕಿ, ಅದೇ ಕಾಲದ, ಅಷ್ಟೇ ಮಂಕಾದ, ಅಷ್ಟೇ ಸವೆದ ಏಳು ಇಟ್ಟಿಗೆ ಆರಿಸಿ ಕೂರಿಸಿದಳು. ಯಾರು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಆ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯೂ ಆಯಿತು.

ಭಾನುವಾರ ಆಟೊದಲ್ಲಿ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಡ್ರೈವರನ ಮನೆಯಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಇತ್ತು. ಅವನ ತಾಯಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಸಣ್ಣ ಮೈ, ತಲೆ ಒಂದಿಷ್ಟು ಪಕ್ಕಕ್ಕೆ ವಾಲಿಸಿ.

"ಅಮ್ಮ, ಮನೆ ಬಂತು. ಇವರು ಒರೆಸಿ ತಂದಿದ್ದಾರೆ" ಎಂದ ಮಗ.

ಮುದುಕಿ ಎರಡೂ ಕೈ ಚಾಚಿ ಇಸಿದುಕೊಂಡರು. ಬೆರಳುಗಳು ಬಾಗಿಲಿನಿಂದ ಹೊರಟವು. ಬಿಳಿ ಪಟ್ಟಿ, ಕಿಟಕಿ, ಮೂಲೆ. ಮುಖ ಮೆತ್ತಗಾಗುತ್ತಾ ಬಂತು. ಬೆರಳು ಹಿಂದಿನ ಗೋಡೆಗೆ ಹೋಯಿತು, ಮೇಲೆ ಹತ್ತಿತು, ನಿಂತಿತು. ಕೆಳಗಿಳಿದು ಮತ್ತೆ ಹತ್ತಿತು.

"ಇಲ್ಲಿ ಮುಚ್ಚಿದೆ" ಎಂದರು.

ಮುದುಕಿಯ ದನಿ ತಗ್ಗಿತು, ಯಾರಿಗೋ ಎಚ್ಚರವಾದೀತು ಎನ್ನುವಂತೆ.

"ಬಂದಿದ್ದಳಾ?"

"ಯಾರಮ್ಮ?" ಎಂದ ಮಗ.

"ಹಿಂದಿನ ಗೋಡೆ ಬಂದು ಮುಗಿಸ್ತೀನಿ, ಯಾರೂ ಮುಟ್ಟಬೇಡಿ ಅಂತ ಹೇಳಿ ಆಸ್ಪತ್ರೆಗೆ ಹೊರಟಳು. ನಾನು ಮುಟ್ಟಲಿಲ್ಲ. ನಿಮ್ಮಪ್ಪನಿಗೂ ಮುಟ್ಟೋಕೆ ಬಿಡಲಿಲ್ಲ." ಆ ಮುಖದ ಮೇಲೆ ಎಂಥದೋ ಬೆಳಕು ಬಂದಿತ್ತು. "ನಾನು ಊರಲ್ಲಿಲ್ಲದಾಗ ಬಂದಳಾ? ಏನಾದ್ರೂ ಕೇಳಿದಳಾ?"

ಡ್ರೈವರ್ ಹಲ್ಲಮ್ಮನ ಕಡೆ ತಿರುಗಿದ. ಅವನಿಗೂ ಇದು ಹೊಸ ಮಾತು. ತುಟಿ ಅಲುಗಿಸದೆ, ಕಣ್ಣಲ್ಲೇ ಬೇಡಿಕೊಂಡ: ಹೂಂ ಅನ್ನಿ. ಒಂದು ಹೂಂ ಸಾಕಿತ್ತು. ಮುದುಕಿ ಇನ್ನುಳಿದ ದಿನಗಳನ್ನು ಆ ಹೂಂ ಮೇಲೆ ಕಳೆಯುತ್ತಿದ್ದರು. ಮುಂದಿನ ಒಂದು ಹಲ್ಲಿಲ್ಲದ ಆ ನಗು ಹಲ್ಲಮ್ಮನ ಕಣ್ಣಿಗೆ ಬಂತು. ಆ ಹುಡುಗಿಯ ಹೆಸರಿನಲ್ಲಿ ಸುಳ್ಳು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

"ಇಲ್ಲಮ್ಮ" ಎಂದಳು. "ಅವಳು ಬಂದಿಲ್ಲ. ನಾನು ಮಾಡಿದ್ದು. ಗೊತ್ತಿಲ್ದೆ ಮನೆ ಪೂರ್ತಿ ಬಿಚ್ಚಿಬಿಟ್ಟಿದ್ದೆ. ಮತ್ತೆ ಕಟ್ಟುವಾಗ ಅಲ್ಲಿ ಖಾಲಿ ಕಂಡಿತು, ತುಂಬಿಸಿಬಿಟ್ಟೆ. ತಪ್ಪಾಯ್ತು."

ಡ್ರೈವರ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಮುದುಕಿಯ ಬೆರಳು ಮತ್ತೆ ಆ ಮೂಲೆಗೆ ಹೋಯಿತು. ಬಂದಿದ್ದ ಬೆಳಕು ಹೋಗಿತ್ತು. ಮುಖ ದಿನದ ಮುಖವಾಗಿತ್ತು.

"ಎಷ್ಟು ಹಾಕಿದ್ದೀಯ?"

"ಏಳು."

"ತೆಗಿ."

ಮನೆ ಅಲುಗದಂತೆ ಮುದುಕಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಲ್ಲಮ್ಮ ನೆಲದ ಮೇಲೆ ಮಂಡಿಯೂರಿ, ಸೂರಿನ ಮೂಲೆ ಎತ್ತಿ, ಉಗುರು ಸಿಕ್ಕಿಸಿ ಒಂದೊಂದಾಗಿ ಬಿಡಿಸಿದಳು. ಪ್ರತಿಯೊಂದಕ್ಕೂ ಚಿಟ್ಟೆಂದು ಸಣ್ಣ ಸದ್ದು. ಮುದುಕಿಯ ತುಟಿ ಎಣಿಸುತ್ತಿತ್ತು. ಏಳನೆಯದು ಬಂದ ಮೇಲೆ ತಾವೇ ಬೆರಳಿಟ್ಟು ಆ ಬಾಯಿಯ ಸುತ್ತ ಸವರಿದರು, ಒಂದು ಸುತ್ತು, ಎರಡು ಸುತ್ತು.

"ಹೂಂ. ಇಷ್ಟೇ ಇದ್ದದ್ದು" ಎಂದರು.

ಆಮೇಲೆ ಮನೆಯನ್ನು ಮುಖದ ಹತ್ತಿರಕ್ಕೆ ತಂದು, ಆ ಸಂದಿಗೆ ಬಾಯಿಟ್ಟು, ಅಂಗಳದಲ್ಲಿ ಆಡುತ್ತಿರುವ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು.

"ತೆರೆದೇ ಇದೆ ಕಣೇ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ನಲ್ಲಿ ನಿಲ್ಲಿಸಿದಳು. ಡ್ರೈವರ್ ನಿಂತಲ್ಲೇ ನಿಂತ. ಮುದುಕಿ ಮೆಲ್ಲಗೆ ತಲೆ ತಿರುಗಿಸಿ, ಬಾಯಿಟ್ಟಿದ್ದ ಕಡೆಗೆ ಈಗ ಕಿವಿಯಿಟ್ಟರು.