ಮನೇಲಿ ನೋಡಾಣ

ಶಿವಮೂರ್ತಪ್ಪನವರು ತಮಗೆ ಬಂದ ಪತ್ರವನ್ನು ಬೀದಿಯಲ್ಲಿ ಒಡೆದದ್ದನ್ನು ಕಂಡವರಿಲ್ಲ. ಭದ್ರಾವತಿಯ ಕಾಲೇಜೊಂದರಲ್ಲಿ ಅವರು ಗಣಿತದ ಅಧ್ಯಾಪಕರು, ನಾನು ಕನ್ನಡದವನು. ಇಬ್ಬರೂ ಶಿವಮೊಗ್ಗದಿಂದ ಒಂದೇ ಬಸ್ಸಿನಲ್ಲಿ ಹೋಗಿಬರುವವರು. ಜವಾನ ಬೀರಪ್ಪ ಲಕೋಟೆ ತಂದುಕೊಟ್ಟರೆ ಅದನ್ನು ಹಿಂದುಮುಂದು ತಿರುಗಿಸಿಯೂ ನೋಡದೆ, ಬಿರುಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಬೂದುಬಣ್ಣದ ಕೋಟಿನ ಒಳಜೇಬಿಗೆ ಇಳಿಬಿಟ್ಟು, ದರ್ಜಿಗೆ ಹೇಳಿ ವಿಶೇಷವಾಗಿ ಇಡಿಸಿದ್ದ ಗುಂಡಿಯನ್ನು ಹಾಕಿ, “ಮನೇಲಿ ನೋಡಾಣ” ಎನ್ನುತ್ತಿದ್ದರು.

ಬಡ್ತಿಯ ಆದೇಶ ಬಂದ ದಿನವೂ ಅಷ್ಟೇ. ಸಿಹಿಗಾಗಿ ಬಾಯಿ ತೆರೆದು ಕುಳಿತಿದ್ದ ಸಹೋದ್ಯೋಗಿಗಳನ್ನೆಲ್ಲ ಹಾಗೆಯೇ ಬಿಟ್ಟು ಮನುಷ್ಯ ಬಸ್ಸು ಹತ್ತಿದರು. ಲಕೋಟೆಯನ್ನು ಕೈಗೆ ಬಿದ್ದ ಗಳಿಗೆಯಲ್ಲೇ ಹಲ್ಲಿನಿಂದ ಹರಿಯುವ ಕುಲ ನನ್ನದು. “ಒಡೀರಿ ಮಾರಾಯ್ರೆ, ನನ್ನ ಜೀವ ಹೋಗ್ತಿದೆ” ಎಂದು ದಾರಿಯುದ್ದಕ್ಕೂ ಗೋಗರೆದೆ. ಅವರೋ, ವಿದ್ಯಾನಗರದ ನಿಲ್ದಾಣದಲ್ಲಿ ಇಳಿದು, ಎರಡು ಕೈಯಲ್ಲೂ ತುಂಬಿದ ಚೀಲ ಹಿಡಿದವರಂತೆ ಸ್ವಲ್ಪ ಮುಂದಕ್ಕೆ ಬಾಗಿದ ತಮ್ಮ ಎಂದಿನ ನಡಿಗೆಯಲ್ಲಿ ಮನೆ ಸೇರಿ, ಕಾಲು ತೊಳೆದು, ವಿಭೂತಿ ಧರಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಹಣ್ಣು ಹೆಚ್ಚುವ ಚಾಕುವಿನಿಂದ ಅಂಚನ್ನು ನಾಜೂಕಾಗಿ ಸೀಳಿದರು. ಆಮೇಲೆ ಆ ಮುಖದಲ್ಲಿ ಅರಳಿದ ನೆಮ್ಮದಿಯನ್ನು ನೋಡಬೇಕಿತ್ತು! ಬಿಡದೆ ಮನೆಯವರೆಗೂ ಬೆನ್ನುಹತ್ತಿ ಬಂದಿದ್ದ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಇಂಥವರ ಬಾಳಿನಲ್ಲಿ ಇ-ಮೇಲ್ ಪ್ರವೇಶಿಸಿದ್ದು ಎರಡು ಸಾವಿರದ ಒಂದನೆಯ ಇಸವಿಯಲ್ಲಿ. ದೇಶದ ಮೂಲೆಮೂಲೆಗಳ ಗಣಿತಪ್ರಿಯರು ಪರಸ್ಪರ ಸಮಸ್ಯೆಗಳನ್ನೊಡ್ಡಿ ಬಿಡಿಸುವ ಬಳಗವೊಂದಕ್ಕೆ ಅವರು ಸೇರಿದ್ದರು. ಸೈಬರ್ ಕೆಫೆಗೆ ಒಮ್ಮೆ ಹೋಗಿ, ಪಕ್ಕದವನ ಮೊಣಕೈ ತಾಗುವಂತೆ ಕುಳಿತು ಒಂದು ಪತ್ರ ತೆರೆದು, ತಕ್ಷಣ ಮುಚ್ಚಿ ಎದ್ದುಬಂದರು. “ಸಂತೇಲಿ ನಿಂತು ಉಂಡಂಗಾಯ್ತು ಕಣ್ರೀ” ಎಂದರು. ಆ ತಿಂಗಳೇ ಮನೆಗೆ ಕಂಪ್ಯೂಟರು ಬಂತು, ಅದರ ಜತೆಗೆ ಫೋನಿನ ತಂತಿಯನ್ನು ನುಂಗಿ ಕೀಂಯ್ ಎಂದು ಕಿರುಚುವ ಮೋಡೆಮ್ಮೂ ಬಂತು.

ಆದರೆ ಆ ಫೋನು ಅವರದಾಗಿರಲಿಲ್ಲ. ಅವರ ಮಡದಿ ಉಮಾಮಹೇಶ್ವರಿಯವರು ಹೊಳಲೂರಿನ ಕಡೆಯ ಹಳ್ಳಿಗಳಿಗೆ ನರ್ಸಮ್ಮ. ಆ ಭಾಗದ ಬಸುರಿಯರ ಮನೆಯವರಿಗೆಲ್ಲ ಆ ನಂಬರು ಬಾಯಿಪಾಠ. ಯಜಮಾನರು ಮಾತ್ರ ಸಂಜೆಯ ಹೊತ್ತು ಇಂಟರ್ನೆಟ್ಟಿನಲ್ಲಿ ಒಂದೊಂದೇ ಪತ್ರವನ್ನು ತೆರೆದು, ಪಾಯಸ ಚಪ್ಪರಿಸಿದಂತೆ ನಿಧಾನವಾಗಿ ಓದುತ್ತ ಗಂಟೆಗಟ್ಟಲೆ ಲೈನನ್ನು ಹಿಡಿದುಕೊಂಡಿರುತ್ತಿದ್ದರು. ಅಷ್ಟು ಹೊತ್ತೂ ಆ ಫೋನಿಗೆ ಬೇರೆ ಕರೆ ಬರುವಂತಿರಲಿಲ್ಲ.

ಒಂದು ಸಂಜೆ ಗೇಟಿನ ಮುಂದೆ ಲಗೇಜು ಆಟೋ ಬಂದು ನಿಂತಿತು. ಒಳಗೆ ಹೊಳಲೂರಿನ ಚೌಡಯ್ಯನ ಹೆಂಡತಿ ಕರಿಬಸಮ್ಮ ನೋವು ತಿನ್ನುತ್ತಿದ್ದಳು. “ಬೂತಿಂದ ಮಾಡೀ ಮಾಡೀ ಸಾಕಾಯ್ತು ನರ್ಸಮ್ಮಾ, ಬರೀ ಎಂಗೇಜು” ಎಂದ ಚೌಡಯ್ಯ. ಉಮಾಮಹೇಶ್ವರಿಯವರು ಅದೇ ಆಟೋ ಹತ್ತಿ ಆಸ್ಪತ್ರೆಗೆ ಹೊರಟರು. ತಾಯಿ, ಮಗು ಇಬ್ಬರೂ ಉಳಿದದ್ದು ದೊಡ್ಡದು.

ಮರಳಿ ಬಂದವರು ಗಂಡನಿಗೆ ಹೇಳಿದ್ದು ಇಷ್ಟೇ: “ನಿಮ್ಮ ಲೆಕ್ಕ ನಾಳೆವರೆಗೂ ಕಾಯುತ್ತೆ. ಹೆರಿಗೆ ಕಾಯಲ್ಲ. ಈ ಭಾನುವಾರದೊಳಗೆ ಏನಾದ್ರೂ ದಾರಿ ಮಾಡ್ಕೊಳ್ಳಿ, ಇಲ್ದಿದ್ರೆ ಆ ಕಿರುಚೋ ಡಬ್ಬ ಈ ಮನೇಲಿ ಬೇಡ.”

ಶಿವಮೂರ್ತಪ್ಪನವರಿಗೆ ಬಳಗ ತಪ್ಪಿಹೋಗುವ ಚಿಂತೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಬಸ್ಸಿನಲ್ಲಿ ಮೂರು ದಿನ ಟಿಕೇಟಿನ ಬೆನ್ನಮೇಲೆ ಏನೇನೋ ಗೀಚುತ್ತ ಕುಳಿತರು. ನಾಲ್ಕನೆಯ ದಿನ, ಭದ್ರಾವತಿ ಇನ್ನೇನು ಬರಬೇಕು ಎನ್ನುವಾಗ, ತಟಕ್ಕನೆ ನನ್ನ ತೊಡೆ ತಟ್ಟಿ, “ಅಲ್ಲ ಕಣ್ರೀ, ನಾನು ಅಂಚೆಕಚೇರೀಲಿ ಕೂತು ಕಾಗದ ಓದ್ತಾ ಇದೀನಿ! ಎಲ್ಲಾನೂ ಮನೆಗೆ ತಂದ್ಕೊಂಡು ಬಂದುಬಿಟ್ರಾಯ್ತಲ್ಲ!” ಎಂದರು. ಹಾರಿ ಬಿದ್ದೆ.

ಪತ್ರಿಕೆಯೊಂದರ ಜತೆ ಉಚಿತವಾಗಿ ಬಂದಿದ್ದ ಸಿ.ಡಿ.ಯಿಂದ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆಯನ್ನು ಹಾಕಿದರು. ಅದರಲ್ಲಿ ದೂರದ ಅಂಚೆಪೆಟ್ಟಿಗೆಯ ಪತ್ರಗಳನ್ನೆಲ್ಲ ಒಮ್ಮೆಗೇ ಮನೆಯ ಕಂಪ್ಯೂಟರಿಗೆ ತರುವುದಕ್ಕೆ ಫೆಚ್‌ಮೇಲ್ ಎಂಬ ತಂತ್ರಾಂಶವೊಂದು. ಅದಕ್ಕೆ ಓದಲು ಬಾರದು. ಓದುವುದಕ್ಕೆ ಬೇರೊಂದು. ಮೊದಲು ಪೈನ್ ಎಂಬುದನ್ನು ಹಿಡಿದರು, ಮನಸ್ಸು ಕೂರಲಿಲ್ಲ; ಕೊನೆಗೆ ಒಲಿದದ್ದು ಮಟ್ ಎಂಬುದಕ್ಕೆ. ಒಂದು ಸಮಸ್ಯೆಗೆ ಬಂದ ಉತ್ತರಗಳನ್ನೆಲ್ಲ ಅದು ಆ ಸಮಸ್ಯೆಯ ಕೆಳಗೇ ಕವಲುಕವಲಾಗಿ ಜೋಡಿಸಿಡುತ್ತಿತ್ತಂತೆ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಎಂಬ ಇಲಿಯನ್ನು ಮುಟ್ಟುವಂತಿಲ್ಲ. ಕಪ್ಪು ಪರದೆಯ ಮೇಲೆ ಬೆಳ್ಳನೆಯ ಅಕ್ಷರ. “ಇದೇನ್ರೀ, ರೈಲ್ವೆ ರಿಸರ್ವೇಶನ್ ಕೌಂಟರ್ ಇದ್ದಂಗಿದೆ!” ಎಂದು ನಾನು ನಕ್ಕೆ. “ಇರ್ಲಿ ಬಿಡಿ. ತರೋನು ತರ್ತಾನೆ, ಓದೋನು ಓದ್ತಾನೆ. ಮಧ್ಯ ಫೋನ್ ಯಾಕೆ?” ಎಂದರು.

ಭಾನುವಾರದ ಪರೀಕ್ಷೆಗೆ ನನಗೂ ಆಹ್ವಾನವಿತ್ತು. ಉಮಾಮಹೇಶ್ವರಿಯವರು ಮಂಡಕ್ಕಿಯ ತಟ್ಟೆ ತಂದಿಟ್ಟು ಬಾಗಿಲಿಗೊರಗಿ ನಿಂತರು. ಮೋಡೆಮ್ಮು ಕಿರುಚಿತು, ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ನಾನು ಎರಡು ಮುಕ್ಕು ಮಂಡಕ್ಕಿ ತಿನ್ನುವಷ್ಟರಲ್ಲಿ ಪತ್ರಗಳೆಲ್ಲ ಇಳಿದು ಲೈನು ಕಡಿಯಿತು. ಶಿವಮೂರ್ತಪ್ಪನವರು ವಿಜಯಿಯಂತೆ ಎದ್ದು, ಕಾಲು ತೊಳೆದು, ವಿಭೂತಿ ಧರಿಸಿ ಬಂದು (ಮನೆಯೊಳಗೇ ಇದ್ದವರಿಗೆ ಕಾಲು ತೊಳೆಯುವುದೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ) ಕಂಪ್ಯೂಟರಿನಲ್ಲಿ ತಮ್ಮ ಹೆಸರಿನ ಅಂಚೆಪೆಟ್ಟಿಗೆಯನ್ನು ತೆರೆದರು. ಖಾಲಿ! ಒಂದೇ ಒಂದು ಪತ್ರವಿಲ್ಲ. ಮತ್ತೆ ಲೈನು ಹಚ್ಚಿ ನೋಡಿದರೆ ದೂರದ ಪೆಟ್ಟಿಗೆಯೂ ಖಾಲಿ; ತಂದದ್ದನ್ನು ಅಲ್ಲಿಂದ ಅಳಿಸಿಬಿಡುವುದು ಆ ಫೆಚ್‌ಮೇಲಿನ ಪದ್ಧತಿ.

“ಮನೆಗೆ ಬಂದಿವೆ ಕಣ್ರೀ. ನನ್ನ ಕಣ್ಣಾರೆ ನೋಡಿದೀನಿ. ಮನೇಲೇ ಕಳೆದುಹೋಯ್ತಲ್ಲ!” ಎಂದು ತಲೆಯ ಮೇಲೆ ಕೈಹೊತ್ತು ಕುಳಿತರು. ನನಗೂ ನಗು ಉಡುಗಿ, ಪಾಪ, ಎನಿಸಿಬಿಟ್ಟಿತು.

ಬಾಗಿಲ ಬಳಿಯಿಂದ ಉಮಾಮಹೇಶ್ವರಿಯವರು ನಿಧಾನವಾಗಿ ಕೇಳಿದರು: “ವಾರ್ಡಲ್ಲಿ ಮಗು ಅದಲುಬದಲಾದ್ರೆ ನಾವು ಮೊದಲು ಕೈಗೆ ಕಟ್ಟಿರೋ ಪಟ್ಟಿ ನೋಡ್ತೀವಿ. ನೀವು ಇದನ್ನ ಯಾರ ಹೆಸರಿಗೆ ಕಟ್ಟಿದೀರಿ? ಆ ಕಂಪ್ಯೂಟರಲ್ಲಿ ಎಲ್ಲಾ ಬೀಗದ ಕೈ ಇಟ್ಕೊಂಡಿರೋ ಯಜಮಾನ ಒಬ್ಬ ಬೇರೆ ಇದಾನೆ ಅಂತಿದ್ರಲ್ಲ?”

ಶಿವಮೂರ್ತಪ್ಪನವರು ಹಣೆ ಚಚ್ಚಿಕೊಂಡರು. ಲೈನು ಹಚ್ಚಲು ಕಂಪ್ಯೂಟರಿನ ಆ ಯಜಮಾನನ ಅಧಿಕಾರ ಬೇಕೆಂದು ಆ ಹೆಸರಿನಲ್ಲಿ ಒಳಹೊಕ್ಕವರು, ಪತ್ರಗಳನ್ನೂ ಅದೇ ಹೆಸರಿನಲ್ಲಿ ತಂದಿದ್ದರು. ಯಜಮಾನನ ಪೆಟ್ಟಿಗೆ ತೆರೆದರೆ ಅಷ್ಟೂ ಅಲ್ಲಿ ಬೆಚ್ಚಗೆ ಕುಳಿತಿದ್ದವು! “ಎರಡು ಮುಕ್ಕು ಮಂಡಕ್ಕಿ ಹೊತ್ತು. ಅಷ್ಟಾದ್ರೆ ಡಬ್ಬ ಇರ್ಲಿ” ಎಂದು ನಗುತ್ತ ಉಮಾಮಹೇಶ್ವರಿಯವರು ಒಳಗೆ ಹೋದರು. ಆ ದಂಪತಿಗಳ ನಡುವೆ ಈ ಒಪ್ಪಂದ ಮುಂದೆಂದೂ ಮುರಿಯಲಿಲ್ಲ.

ಎರಡು ವರ್ಷದ ನಂತರದ ಒಂದು ಸಂಜೆ ನಾನು ಅಲ್ಲೇ ಇದ್ದೆ. ಪತ್ರಗಳು ಇಳಿದಿದ್ದವು, ಲೈನು ಕಡಿದಿತ್ತು. ಅವರು ತಿಂಗಳಿಂದ ಗುದ್ದಾಡುತ್ತಿದ್ದ ಸಮಸ್ಯೆಗೆ ಯಾರೋ ಬಿಡಿಸಿ ಕಳಿಸಿದ ಉತ್ತರದ ತಲೆಬರಹ ಪರದೆಯ ಮೇಲೆ ಕಾಣುತ್ತಿತ್ತು. ಒಂದು ಗುಂಡಿ ಒತ್ತಿದರೆ ಸಾಕು, ಅಷ್ಟರಲ್ಲಿ ಫೋನು ರಿಂಗಾಯಿತು. ಅದೇ ಚೌಡಯ್ಯ, ಅದೇ ಕರಿಬಸಮ್ಮ, ಎರಡನೆಯ ಹೆರಿಗೆ. “ಒಂದೇ ಸಲಕ್ಕೆ ಸಿಕ್ತು ನರ್ಸಮ್ಮಾ!” ಎಂದು ಅವನು ಕೂಗಿದ್ದು ಕೋಣೆಯ ಈಚೆಗಿದ್ದ ನನಗೂ ಕೇಳಿಸಿತು. ಉಮಾಮಹೇಶ್ವರಿಯವರು ಚೀಲ ತೆಗೆದುಕೊಳ್ಳುವಷ್ಟರಲ್ಲಿ ಶಿವಮೂರ್ತಪ್ಪನವರು ಕೋಟು ತೊಟ್ಟು ಸ್ಕೂಟರಿನ ಕಿಕ್ ಒದೆಯುತ್ತಿದ್ದರು.

“ಅಯ್ಯೋ, ಆ ಉತ್ತರ!” ಎಂದು ನಾನು ಅಂಗಳದವರೆಗೂ ಓಡಿದೆ. “ನೋಡ್ಬಿಟ್ಟು ಹೋಗಿ ಮಾರಾಯ್ರೆ, ಒಂದು ಗುಂಡಿ ಅಷ್ಟೆ!”

“ಮನೇಗೆ ಬಂದಾಯ್ತಲ್ಲ, ಇನ್ನೆಲ್ಲಿಗೆ ಹೋಗುತ್ತೆ? ಬಂದು ನೋಡಾಣ” ಎಂದು ಹಿಂತಿರುಗಿಯೂ ನೋಡದೆ ಹೊರಟುಹೋದರು.

ಸಿಕ್ಕಿದ್ದನ್ನು ಸಿಕ್ಕ ಸ್ಥಳದಲ್ಲೇ ಅನುಭವಿಸಿಬಿಡಬೇಕೆಂದು ಬಾಗಿಲಿಗಡ್ಡವಾಗಿ ನಿಲ್ಲುವ ನನ್ನಂಥ ಆತುರಗಾರರಿಗೆ ಲೋಕದಲ್ಲಿ ಬರವಿಲ್ಲ. ತಮ್ಮ ಪಾಲನ್ನು ಬೇಗ ಎತ್ತಿಕೊಂಡು, ದಾರಿಯನ್ನು ಹಿಂದಿನವರಿಗೆ ಬಿಟ್ಟು, ಮನೆಗೆ ಬಂದು ನಿಧಾನವಾಗಿ ಸುಖಪಡಬಲ್ಲವರು ವಿರಳ. ಅವರನ್ನು ನಾವು ಹಟಮಾರಿಗಳೆಂದು ಗೇಲಿ ಮಾಡುತ್ತೇವೆ. ಅಂಥವರಿಂದಾಗುವ ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲೋ ಒಬ್ಬ ಗಾಬರಿಯಲ್ಲಿ ಬೂತಿಗೆ ಓಡಿ ನಂಬರು ಒತ್ತಿದಾಗ ಫೋನು ಒಂದೇ ಸಲಕ್ಕೆ ಸಿಗುತ್ತದೆ, ಅಷ್ಟೆ.