ಗಾಜಿನಾಚೆಯ ಬೇರು

ಭಾಲ್ಕಿಯ ಆಚೆಗಿನ ಸರಕಾರಿ ತೋಟದಲ್ಲಿ ಶಿವಕಾಂತಾಳಿಗಿದ್ದದ್ದು ಒಂದೇ ಕೆಲಸ, ಗುಂಡಿಗಿಳಿದು ಬೇರು ನೋಡುವುದು. ತೊಗರಿ ಗಿಡದ ಪಕ್ಕ ಆಳುದ್ದ ಅಗೆದು, ಮಣ್ಣಿನ ಗೋಡೆಗೆ ಗಾಜು ಕೂಡಿಸಿದ್ದರು. ಆ ತಂಪಿನಲ್ಲಿ ಕೂತು, ಕರಿಮಣ್ಣಿನೊಳಗೆ ಬೆಳ್ಳಗೆ ಇಳಿಯುವ ಬೇರನ್ನು ನೋಡುತ್ತಿದ್ದರೆ ಭೂಮಿತಾಯಿಯ ನಿದ್ದೆಯೊಳಗೆ ಇಣುಕಿದಂತಾಗುತ್ತಿತ್ತು. ಮೇಲೆ ಹೊತ್ತೇರಿದ್ದೂ ತಿಳಿಯುತ್ತಿರಲಿಲ್ಲ.

ಎಷ್ಟು ಬೆರಳು ಇಳಿಯಿತೆಂದು ಅವಳು ಕೂಗಿ ಹೇಳಿದರೆ, ಮೊಣಕಾಲು ನೋವಿನಿಂದ ಗುಂಡಿಗಿಳಿಯಲಾಗದ, ಬೇರಿನ ಲೆಕ್ಕದ ಉಸ್ತುವಾರಿಯ ಅಬ್ದುಲ ಸಮದ ಚಾಚಾ ಮೇಲೆ ಕೂತೇ ಬರೆದುಕೊಳ್ಳುತ್ತಿದ್ದರು. ಕಡೆಗೆ ಗಿಡ ಅಗೆದು, ಬೇರು ತೊಳೆದು, ದಾರ ಹಿಡಿದು ಅಳೆಯಬೇಕು. ಗಾಜಿನ ಅಳತೆ ಖರೆಯೋ ದಾರದ್ದು ಖರೆಯೋ ಎಂಬುದೇ ಅವರ ಮೂರು ವರ್ಷದ ಹುಚ್ಚು.

ಆ ವರ್ಷ ಭಾರತದ ಫೌಜು ಬಂದು ಪೊಲೀಸ್ ಆ್ಯಕ್ಷನ್ ಆಯಿತು. ಐದೇ ದಿನದಲ್ಲಿ ನಿಜಾಮರ ಕಾರಭಾರ ಮುಗಿಯಿತು, ಆಮೇಲಿನ ದಿನಗಳು ಮಾತ್ರ ಮುಗಿಯಲೊಲ್ಲವು. ಗಡ್ಡ ಕಂಡರೆ ದಾರಿಯಲ್ಲೇ ಕಡಿಯುತ್ತಿದ್ದಾರೆಂಬ ಸುದ್ದಿ ಬಂತು. ಕಡಿಯುವವರು ತೋಟದೊಳಗೆ ಮಾತ್ರ ಬರುತ್ತಿರಲಿಲ್ಲ. ಆದರೆ ಚಾಚಾರ ಹೆಂಡತಿ ಬಿಸ್ಮಿಲ್ಲಾಬೀ ಬೀದರದಲ್ಲಿ ಒಬ್ಬಳೇ ಇದ್ದಳು.

"ಬೇರು ಇಳಿಯೋದು ನಿಂತ ದಿನಾನ ಅಗದು ಅಳದು, ಕುಂಟಕೋತಾದ್ರೂ ನಡದು ಬೀದರಕ್ಕ ಹೋಗ್ತೇನಿ ಬೇಟಿ," ಎಂದರು ಚಾಚಾ. ಎಷ್ಟು ಹೇಳಿದರೂ ಕೇಳುವ ಆಸಾಮಿಯಲ್ಲ.

ಮರುದಿನವೇ ಬೇರು ನಿಂತಿತು. ಶಿವಕಾಂತಾ ಗಾಜಿಗೆ ಬೆರಳಿಟ್ಟು ಮತ್ತೊಮ್ಮೆ ಅಳೆದಳು.

"ಒಂದು ಬೆರಳು ಇಳದದರಿ, ಚಾಚಾ," ಎಂದಳು.

ಮರುದಿನವೂ ಒಂದು. ಅದರ ಮರುದಿನವೂ ಒಂದು. ಹೇಳಿ ಹೇಳಿ, ಇಲ್ಲದ ಬೇರು ಅವಳ ಕಣ್ಣಿಗೂ ಕಾಣತೊಡಗಿತು. ಕನಸಿನಲ್ಲಿ ಅದು ಭಾಲ್ಕಿ ದಾಟಿ, ಔರಾದ ದಾಟಿ, ಯಾರ ಕೈಗೂ ಸಿಗದಂತೆ ಇಳಿಯುತ್ತಲೇ ಇರುತ್ತಿತ್ತು.

ಹದಿಮೂರನೆಯ ದಿನ ಬಿಸ್ಮಿಲ್ಲಾಬೀಯೇ ಗಾಡಿ ಕಟ್ಟಿಸಿಕೊಂಡು ಬಂದಳು. ದಾರಿಯ ಗಲಾಟೆ ತಣ್ಣಗಾಗಿತ್ತು. ಗಂಡನನ್ನು ಕರೆದುಕೊಂಡು ಹೈದರಾಬಾದಿಗೇ ಹೋಗಿಬಿಡಬೇಕೆಂದು ಗಂಟುಮೂಟೆ ಸಮೇತ ಬಂದಿದ್ದಳು.

"ಬೇರು ನಿಂತದರಿ," ಎಂದಳು ಶಿವಕಾಂತಾ.

ಅಗೆದರು, ತೊಳೆದರು. ದಾರದ ಅಳತೆ ಗಾಜಿನದಕ್ಕಿಂತ ಹನ್ನೆರಡು ಬೆರಳು ಕಡಿಮೆ ಬಂತು. ಚಾಚಾ ಪುಸ್ತಕ ತಿರುವಿ ತಿರುವಿ ನೋಡಿದರು.

"ಸೋಮವಾರ ಮಳಿ ಬಂತು, ಒಂದು ಬೆರಳು. ಗುರುವಾರ ಸುಡುಸುಡು ಬಿಸಲು, ಅವತ್ತೂ ಒಂದು ಬೆರಳು. ಬೇರು ಹಿಂಗ ಬೆಳೀತದೇನು?"

ಅವಳು ತಲೆ ತಗ್ಗಿಸಿದಳು. "ಖರೇ ಹೇಳಿದ್ರ ನೀವು ಹೋಗ್ತಿದ್ರಿ. ಆ ದಾರಿ ಮ್ಯಾಗ ನಿಮ್ಮನ್ನ ಯಾರು ಬಿಡ್ತಿದ್ರು ಹೇಳ್ರಿ?"

"ಮೂರು ವರ್ಷದ ಕೆಲಸ ಬರಬಾದ ಮಾಡಿದಿ," ಎಂದರು ಚಾಚಾ. ಸಿಟ್ಟು ಖರೆಯೇ ಬಂದಿತ್ತು. ಆದರೆ ದಾರವನ್ನು ಮೆಲ್ಲಗೆ ಸುತ್ತಿ ಅವಳ ಕೈಗೇ ಇಟ್ಟರು.

"ಹೋಗಲಿ ಬಿಡ್ರಿ, ಗಾಡಿ ನಿಂತದ," ಎಂದಳು ಬಿಸ್ಮಿಲ್ಲಾಬೀ.

"ಹ್ಯಾಂಗ ಹೋಗಲಿ? ಲೆಕ್ಕ ತಪ್ಪ್ಯಾದ. ಮುಂದಿನ ಮಳಿಗೆ ಮತ್ತ ಬಿತ್ತಬೇಕು."

ಬಿಸ್ಮಿಲ್ಲಾಬೀ ಗಂಡನನ್ನು ನೋಡಿದಳು. ಶಿವಕಾಂತಾಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಾಡಿಯ ಹತ್ತಿರ ಹೋಗಿ ಗಂಟುಗಳನ್ನು ತಾನೇ ಇಳಿಸಿದಳು.

"ಒಲಿ ಎಲ್ಲಿ ಅದ ಬೇಟಿ?" ಎಂದು ಕೇಳಿದಳು.