ನಾಲ್ಕು ಇಂಚು

ಜಾಕು ಪೂರ್ತಿ ಇಳಿಸಿದ ಮೇಲೂ ಗಾಡಿ ಇಳಿದಂತೆ ಕಾಣಲಿಲ್ಲ.

"ಆಯ್ತಾ?" ಸಂಪತ್ ಕುಮಾರ ಕೇಳಿದ.

"ಆಯ್ತಲ್ಲ ಸಾರ್. ಗಾಡಿ ಎತ್ತರ್ಸೋ ಲಿಫ್ಟ್ ಕಿಟ್ಟು ನಾಕಿಂಚು, ದೊಡ್ ಟೈರ್‌ದು ಇನ್ನೊಂದಿಂಚು. ಇನ್ಮೇಲೆ ಇಂಗೇ ನಿಂತಿರ್ತದೆ."

ಗೆಜ್ಜಲಗೆರೆಯ ಹೆದ್ದಾರಿ ಪಕ್ಕದ ಆ ಗ್ಯಾರೇಜು ಪುನೀತನದು. ಬಿಚ್ಚಿಟ್ಟ ಹಳೆಯ ಟೈರುಗಳು ಗೋಡೆಗೆ ಒರಗಿದ್ದವು, ಒಂದೂ ಸವೆದಿರಲಿಲ್ಲ.

"ಮೀಟರು ಮಾತ್ರ ಕಮ್ಮಿ ತೋರಿಸ್ತದೆ ಸಾರ್. ಅದು ಎಂಬತ್ತು ಅಂದ್ರೆ ನೀವು ಎಂಬತ್ತೈದ್ರಲ್ಲಿ ಓಯ್ತಿರ್ತೀರಿ." ಪುನೀತ್ ಕೈಯ ಗ್ರೀಸು ಒರೆಸಿಕೊಂಡ. "ತ್ವಾಟದ್ ದಾರಿಗಾ ಸಾರ್ ಇದೆಲ್ಲ?"

"ಹೂಂ."

ಸಂಪತ್ ಕುಮಾರನಿಗೆ ತೋಟವಿರಲಿಲ್ಲ. ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ. ಮನೆಯಿಂದ ಕಾಲೇಜಿಗೆ ಮೂರು ಕಿಲೋಮೀಟರು, ಅಷ್ಟೂ ಟಾರು.

ಹೋದ ಭಾನುವಾರ ಅವನು ಮನೆಯ ಹಾಲ್‌ನಲ್ಲಿ ಕೂತು ಪೇಪರು ಓದುತ್ತಿದ್ದಾಗ ಮಗಳು ಅಮೃತ ಬಂದು ಫ್ಯಾನು, ಲೈಟು ಎರಡನ್ನೂ ಆರಿಸಿ ಹೋಗಿದ್ದಳು. ಸಿಟ್ಟಿನಿಂದಲ್ಲ. ಅಲ್ಲಿ ಯಾರೂ ಇಲ್ಲವೆಂದುಕೊಂಡು. ಅವನು ಬೆವರುತ್ತ, ಕಾಣದ ಅಕ್ಷರಗಳ ಮುಂದೆ ಹಾಗೇ ಕೂತಿದ್ದ. ಮರುದಿನ ಪುನೀತನಿಗೆ ಫೋನು ಮಾಡಿದ. ಹೆಂಡತಿ ಪ್ರಿಯಂವದಾಗೆ ಗಾಡಿ ಸರ್ವೀಸಿಗೆ ಕೊಡುತ್ತೇನೆ ಎಂದಷ್ಟೇ ಹೇಳಿದ್ದ.

ಹೊಸ ಎತ್ತರದಿಂದ ರಸ್ತೆ ಬೇರೆಯವರದ್ದೆನಿಸಿತು. ಕಾರುಗಳ ನೆತ್ತಿಗಳು ಕಂಡವು. ಬಸ್‌ಸ್ಟಾಪಿನಲ್ಲಿ ದೇವಿರಮ್ಮ ನಿಂತಿದ್ದಳು, ಕಾಲೇಜಿನಲ್ಲಿ ಕಸ ಗುಡಿಸುವವಳು. ಗಾಡಿ ನಿಲ್ಲಿಸಿ ಗಾಜು ಇಳಿಸಿದ.

"ಅಯ್ಯೋ, ಮೇಷ್ಟ್ರಾ! ಇದ್ಯಾಕೆ ಅಟ್ಟ ಅತ್ತಿ ಕುಂತಿದ್ದೀರಿ?"

"ಹತ್ತಿ, ಮಂಡ್ಯಕ್ಕೆ ಬಿಡ್ತೀನಿ."

ದೇವಿರಮ್ಮ ಸೀರೆ ಮೇಲೆತ್ತಿ ಕಾಲಿಟ್ಟು ನೋಡಿದಳು. ಬಾಗಿಲು ಹಿಡಿದು ಇನ್ನೊಮ್ಮೆ ನೋಡಿದಳು. "ಆಗಾಕಿಲ್ಲ ಬುಡಿ ಸಾಮಿ. ಬಸ್ಸು ಬತ್ತದೆ."

ಇಳಿದು ಕೈ ಕೊಡಬಹುದಿತ್ತು. ಅದು ಹೊಳೆದಾಗ ಗಾಡಿ ಮೂರನೇ ಗೇರಿನಲ್ಲಿತ್ತು.

ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ರಸ್ತೆಯಿಂದ ಎಂದೂ ಕಾಣದ ಮನೆಯ ಹಾಲ್ ಇವತ್ತು ಕಾಂಪೌಂಡಿನ ಮೇಲಿಂದ, ಕಿಟಕಿಯಾಚೆ ಪೂರ್ತಿ ಕಂಡಿತು. ಪ್ರಿಯಂವದಾ ಅವರೆಕಾಯಿ ಸುಲಿಯುತ್ತಿದ್ದಳು. ಅಮೃತ ಎದ್ದು ನಿಂತು, ಕೈ ಹಿಂದೆ ಕಟ್ಟಿ, ಯಾರನ್ನೋ ಅಣಕಿಸುತ್ತಿದ್ದಳು. ಪ್ರಿಯಂವದಾ ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಅವಳು ಹಾಗೆ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ತಾನೂ ನಕ್ಕ. ಅಣಕಿಸುತ್ತಿದ್ದುದು ಯಾರನ್ನೆಂದು ಮಾತ್ರ ತಿಳಿಯಲಿಲ್ಲ.

ಹಾರನ್ನು ಒತ್ತಿದ. ಒಳಗೆ ನಗು ನಿಂತಿತು.

ಪ್ರಿಯಂವದಾ ಬಂದು ಗೇಟನ್ನು ಗೇಣಗಲ ತೆರೆದಳು. ಸಂದಿಯಲ್ಲಿ ಅವಳೆದುರಿಗೆ ಹೊಸ ದೊಡ್ಡ ಚಕ್ರವಷ್ಟೇ ಇತ್ತು. ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟುಕೊಂಡಳು, ತಲೆಯೆತ್ತಲಿಲ್ಲ.

"ಯಾರ್ರೀ ಅದು? ಗೇಟಿಗೆ ಅಡ್ಡ ನಿಲ್ಲಿಸಬೇಡಿ. ನಮ್ಮನೆಯವರು ಬರೋ ಹೊತ್ತು."

ಗಾಜು ಇಳಿಸುವ ಗುಂಡಿಯ ಮೇಲೆ ಅವನ ಬೆರಳಿತ್ತು.

"ಸ್ವಲ್ಪ ಮುಂದೆ ತಗೊಳ್ಳಿ ಸ್ವಾಮಿ, ದಯವಿಟ್ಟು."

ಅಪರಿಚಿತರೊಡನೆ ಅವಳ ದನಿ ಇಷ್ಟು ಮೃದುವಾಗಿರುತ್ತದೆಯೆ? ಸಂಪತ್ ಕುಮಾರ ಗೇರು ಹಾಕಿದ. ಗಾಡಿ ಮುಂದೆ ಸರಿಯಿತು, ಪಕ್ಕದ ಮನೆ ದಾಟಿತು, ಅದರ ಪಕ್ಕದ್ದನ್ನೂ.

ಕನ್ನಡಿಯಲ್ಲಿ ಪ್ರಿಯಂವದಾ ಗೇಟಿನ ಎರಡೂ ಬಾಗಿಲು ಹಾರುಹೊಡೆದು, ತೆರವಾದ ಜಾಗದ ಅಂಚಿಗೆ ನಿಂತು, ಅವನು ಬರಬೇಕಾದ ದಿಕ್ಕಿಗೆ ನೋಡುತ್ತಿದ್ದಳು.